ಗಿಡದ ಹೆಸರು ಗೊತ್ತಿದ್ದರೆ ಸಾಲದು

ಚಿಕ್ಕಮಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ನಿಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಬರುವ ಮೊದಲು ಒಂದು ಮದ್ದು ಕುಡಿದೇ ಬಂದಿದ್ದೀರಿ. ಕಾಫಿ. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ ನಮ್ಮೂರಿನ ಮಕ್ಕಳಿಗೂ ಗೊತ್ತು. ಯೆಮನ್‌ನ ಸೂಫಿಗಳು ಅದನ್ನು ಕುಡಿಯುತ್ತಿದ್ದದ್ದು ರುಚಿಗಲ್ಲ, ರಾತ್ರಿ ಜಪಕ್ಕೆ ಕೂತಾಗ ನಿದ್ದೆ ಬರಬಾರದು ಅಂತ. ಆಮೇಲೆ 1652ರಲ್ಲಿ ಪಾಸ್ಕ್ವಾ ರೊಸೆ ಎಂಬಾತ ಲಂಡನ್ನಿನಲ್ಲಿ ಕಾಫಿ ಮಾರಲು ಶುರು ಮಾಡಿದ. ಅವನ ಅಂಗಡಿಯ ಕರಪತ್ರ ಇಂದಿಗೂ ಉಳಿದಿದೆ. ಕೀಲು ನೋವಿಗೆ ಒಳ್ಳೆಯದು, ಸ್ಕರ್ವಿಗೆ ಒಳ್ಳೆಯದು, ಮೈಗೆ ನೀರು ತುಂಬಿಕೊಂಡರೆ ಒಳ್ಳೆಯದು ಅಂತ ಉದ್ದಕ್ಕೂ ಬರೆದಿದ್ದಾನೆ. ಓದಿದರೆ ಇವತ್ತು ಬೆಳಿಗ್ಗೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು ಅನ್ನಿಸುತ್ತದೆ.

ಅವನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸುಳ್ಳು. ಆದರೆ ಅವನು ಕನಸಲ್ಲೂ ಎಣಿಸದ ಒಂದು ಉಪಯೋಗ ಈಗ ಇದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಕೆಲವೊಮ್ಮೆ ಇದ್ದಕ್ಕಿದ್ದಂತೆ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತವೆ. ಅವಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಕೆಫೀನ್. ಕೂಸಿನ ತೂಕ ನೋಡಿ, ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಹಾಗಂತ ಯಾರೂ ಮನೆಯಲ್ಲಿ ಕೂಸಿನ ಬಾಯಿಗೆ ಡಿಕಾಕ್ಷನ್ ಹಾಕುವುದಿಲ್ಲ, ಅಲ್ವಾ?

ನಾನು ಇವತ್ತು ಹೇಳಬೇಕು ಅಂತಿರುವುದು ಇದನ್ನೇ. 'ಇಂಥ ಕಾಯಿಲೆಗೆ ಇಂಥ ಗಿಡ' ಅನ್ನುವುದು ಅರ್ಧ ಮಾಹಿತಿ. ಯಾವ ಭಾಗ, ಯಾವಾಗ ಕೀಳಬೇಕು, ಹೇಗೆ ಮಾಡಬೇಕು, ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಅನ್ನುವುದು ಉಳಿದ ಅರ್ಧ. ನಾವು ಮೊದಲ ಅರ್ಧವನ್ನು ಮಾತ್ರ ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಿದ್ದೇವೆ.

ನಮ್ಮ ಕಡೆಯದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಘಾಟಿನ ಕೆಳಗೆ, ಹಾಗೇ ಕಳಸ, ಕೊಟ್ಟಿಗೆಹಾರದ ಕಡೆ ತುಳು ಮಾತಾಡುವ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕಷಾಯ ಕುಡಿಯುತ್ತಾರೆ. ಬಯಲುಸೀಮೆಯವರು ಭೀಮನ ಅಮಾವಾಸ್ಯೆ ಮಾಡುವ ದಿನವೇ. ಮಾಡುವ ಕ್ರಮ ನೋಡಿ. ಸೂರ್ಯ ಹುಟ್ಟುವ ಮೊದಲೇ ಮರದ ಹತ್ತಿರ ಹೋಗಬೇಕು. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಬೇಕು. ಮನೆಗೆ ತಂದು ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಅರೆದು ರಸ ಹಿಂಡಬೇಕು. ಒಲೆಯಲ್ಲಿ ಕೆಂಪಗೆ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಆ ರಸಕ್ಕೆ ಹಾಕಿದರೆ ಚುಂಯ್ ಅಂತ ಕುದಿದು ಹೊಗೆ ಏಳುತ್ತದೆ. ಸೋಸಿ, ಖಾಲಿ ಹೊಟ್ಟೆಗೆ ಸ್ವಲ್ಪ. ಅದರ ಕಹಿ ಎಷ್ಟಿರುತ್ತದೆ ಅಂದರೆ ಮಕ್ಕಳನ್ನು ಮಂಚದ ಕೆಳಗಿಂದ ಎಳೆದು ತರಬೇಕು. ಆಮೇಲೆ ಮೆಂತೆ ಗಂಜಿ ಉಣ್ಣಲೇಬೇಕು, ಏಕೆಂದರೆ ಮದ್ದು ಉಷ್ಣ, ಮೆಂತೆ ತಂಪು. ಮತ್ತೆ ಈ ಕಷಾಯದ ಹೆಸರೆತ್ತುವುದು ಮುಂದಿನ ವರ್ಷವೇ.

ಇದರಲ್ಲಿ ಎಷ್ಟು ವೈದ್ಯ, ಎಷ್ಟು ಆಚಾರ ಅಂತ ಬಿಡಿಸಿ ಹೇಳುವುದು ಕಷ್ಟ. ಕಬ್ಬಿಣ ತಾಗಿಸಬಾರದು ಅನ್ನುವುದಕ್ಕೆ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಆದರೆ 'ವರ್ಷಕ್ಕೆ ಒಂದೇ ದಿನ, ಇಷ್ಟೇ, ಆಮೇಲೆ ಗಂಜಿ' ಅನ್ನುವ ಕಟ್ಟು ಇದೆಯಲ್ಲ, ಅದು ಪ್ರಮಾಣವನ್ನು ಕಾಯುವ ಬೇಲಿ. ಪುಸ್ತಕ ಇಲ್ಲದ ಕಡೆ ಪ್ರಮಾಣವನ್ನು ಹಬ್ಬದೊಳಗೆ ಇಟ್ಟಿದ್ದಾರೆ. ಕೊಡಗಿನಲ್ಲಿ, ಅದರ ಅಂಚಿನ ಸಕಲೇಶಪುರದ ಕಡೆಯಲ್ಲೂ, ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅಲ್ಲೂ ಇದೇ ಲೆಕ್ಕ. ಆ ನೇರಳೆ ಬಣ್ಣ ನೋಡಲು ಚಂದ. ಮಾರನೆ ದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಅನ್ನುತ್ತಾರೆ. ಬಣ್ಣ ಹೊರಗೆ ಬಂತು ಅಂತಷ್ಟೇ ಅದರ ಅರ್ಥ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಏನಾಗಿದೆ? ಮರ ಗುರುತಿಸುವ ಅಜ್ಜ ಇಲ್ಲ. ಹಬ್ಬ ಮಾತ್ರ ಉಳಿದಿದೆ. ಮಬ್ಬುಗತ್ತಲಲ್ಲಿ ಬೇರೆ ಯಾವುದೋ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಜೀವ ಹೋದದ್ದೂ ಇದೆ. ನಮ್ಮ ಕಾಡಿನಲ್ಲೇ ಕಾಸರಕದ ಮರವೂ ಇರುತ್ತದೆ ಅನ್ನುವುದು ನೆನಪಿರಲಿ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡು ವಿಷ.

ಇದೇ ಹಾಲೆ ಮರಕ್ಕೆ ಫಿಲಿಪ್ಪೀನ್ಸ್‌ನಲ್ಲಿ ದಿತಾ ಅನ್ನುತ್ತಾರೆ. ನಮ್ಮಲ್ಲಿಯ ಹಾಗೆ ಅಲ್ಲೂ ತೊಗಟೆ ಜ್ವರಕ್ಕೇ. ಪಶ್ಚಿಮ ಆಫ್ರಿಕಾದಲ್ಲಿ ಇದರ ಇನ್ನೊಂದು ಜಾತಿಯ ಮರ ಇದೆ, ಅದೂ ಜ್ವರಕ್ಕೇ. ಒಬ್ಬರಿಗೊಬ್ಬರು ಕೇಳಿ ಮಾಡಿದ್ದಲ್ಲ. ಜ್ವರ ಇದ್ದ ಕಡೆಯಲ್ಲೆಲ್ಲ ಜನ ಕಹಿ ತೊಗಟೆ ಹುಡುಕಿದ್ದಾರೆ. 19ನೇ ಶತಮಾನದಲ್ಲಿ ಇದು ಮಲೇರಿಯಾದ ಮದ್ದು ಕ್ವಿನೈನ್‌ಗೆ ಬದಲಿಯಾಗುತ್ತದೆ ಅಂತ ಕೆಲವರು ಆಸೆ ಪಟ್ಟರು, ಆಗಲಿಲ್ಲ. ಆ್ಯಂಡಿಸ್ ಬೆಟ್ಟದ ಸಿಂಕೋನ ತೊಗಟೆ ಮಾತ್ರ ಗೆದ್ದಿತು. 1820ರಲ್ಲಿ ಇಬ್ಬರು ಫ್ರೆಂಚರು, ಪೆಲೆಟಿಯೆ ಮತ್ತು ಕವೆಂಟು, ಅದರಿಂದ ಕ್ವಿನೈನ್ ಬೇರ್ಪಡಿಸಿದರು. ಬ್ರಿಟಿಷರು ನೀಲಗಿರಿಯಲ್ಲಿ ಅದರ ತೋಟ ಮಾಡಿದರು. ಮಲೆನಾಡಿನ ಹಳಬರಿಗೆ ಚಳಿಜ್ವರ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಹೊಟ್ಟೆಯಲ್ಲಿ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಇಟ್ಟುಕೊಂಡೇ ಗದ್ದೆಗೆ ಇಳಿಯುತ್ತಿದ್ದ ಕಾಲ ಅದು.

ಅದೇ ಮಲೇರಿಯಾಕ್ಕೆ ಚೀನಾದಿಂದ ಬಂದ ಮದ್ದಿನ ಕಥೆ ನನಗೆ ಬಹಳ ಇಷ್ಟ. 4ನೇ ಶತಮಾನದಲ್ಲಿ ಗೆ ಹೊಂಗ್ ಎಂಬ ವೈದ್ಯ ತುರ್ತು ಮದ್ದುಗಳ ಒಂದು ಕೈಪಿಡಿ ಬರೆದ. ಅದರಲ್ಲಿ ಜ್ವರಕ್ಕೆ ಕ್ವಿಂಗ್ ಹಾವ್ ಎಂಬ ಗಿಡ ಹೇಳಿದ್ದಾನೆ. ಒಂದು ಹಿಡಿ ಸೊಪ್ಪು ತಗೊಂಡು ನೀರಲ್ಲಿ ನೆನೆಸು, ಹಿಂಡಿ ರಸ ತೆಗೆ, ಪೂರ್ತಿ ಕುಡಿ. ಅಷ್ಟೇ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರ ಮೇ 23ರಂದು, ಚೀನಾ ಮಲೇರಿಯಾಕ್ಕೆ ಮದ್ದು ಹುಡುಕುವ ಗುಟ್ಟಿನ ಯೋಜನೆ ಶುರು ಮಾಡಿತು. ತು ಯುಯು ಎಂಬ ಹೆಣ್ಣುಮಗಳು ಅದರಲ್ಲಿ ಒಂದು ತಂಡ ನಡೆಸಿದರು. ನೂರಾರು ಗಿಡ ನೋಡಿದರು. ಈ ಗಿಡವೂ ಬಂತು, ಒಮ್ಮೆ ಫಲ ಕೊಟ್ಟಿತು, ಮತ್ತೊಮ್ಮೆ ಕೈ ಕೊಟ್ಟಿತು. ಆಗ ಆಕೆ ಹಳೆಯ ಪುಸ್ತಕಕ್ಕೆ ವಾಪಸ್ ಹೋದರು. ಅಲ್ಲಿ 'ಕುದಿಸು' ಅಂತ ಇಲ್ಲವೇ ಇಲ್ಲ! ಚೀನಾದ ಕಷಾಯ ಸಾಮಾನ್ಯವಾಗಿ ಕುದಿಸಿದ್ದೇ. ಇಲ್ಲಿ ಮಾತ್ರ ತಣ್ಣೀರು, ಹಿಂಡುವುದು. ಶಾಖಕ್ಕೆ ಮದ್ದಿನ ಅಂಶ ಹಾಳಾಗುತ್ತಿರಬಹುದು ಅಂತ ಯೋಚಿಸಿ, ಬಹಳ ಕಡಿಮೆ ಶಾಖದಲ್ಲಿ ಕುದಿಯುವ ಈಥರ್ ಬಳಸಿ ಸತ್ವ ತೆಗೆದರು. 1971ರಲ್ಲಿ ಅದು ಇಲಿಗಳಲ್ಲಿ, ಕೋತಿಗಳಲ್ಲಿ ಪೂರ್ತಿ ಕೆಲಸ ಮಾಡಿತು. ರೋಗಿಗಳಿಗೆ ಕೊಡುವ ಮೊದಲು ಆಕೆಯೂ ಜೊತೆಯವರೂ ತಾವೇ ಕುಡಿದು ನೋಡಿದರು. ಆರ್ಟಿಮಿಸಿನಿನ್ ಬಂದದ್ದು ಹೀಗೆ. 2015ರಲ್ಲಿ ನೊಬೆಲ್ ಬಂತು.

ಹದಿನಾರು ನೂರು ವರ್ಷ ಹಳೆಯ ಪುಸ್ತಕದಿಂದ ಕೆಲಸಕ್ಕೆ ಬಂದದ್ದು ಗಿಡದ ಹೆಸರಲ್ಲ. ಹೆಸರು ಚೀನಾದ ವೈದ್ಯರಿಗೆಲ್ಲ ಗೊತ್ತಿತ್ತು. ಕೆಲಸಕ್ಕೆ ಬಂದದ್ದು ಮಾಡುವ ವಿಧಾನ.

ಅಂದಹಾಗೆ ನಾವು ಗಣಪತಿಗೆ ಏರಿಸುವ ಮಾಚಿಪತ್ರೆ, ಹೂವಿನ ಮಾಲೆಗೆ ಸೇರಿಸುವ ದವನ, ಇವೆರಡೂ ಆ ಗಿಡದ ದಾಯಾದಿಗಳೇ. ಹಾಗಂತ ಮಲೇರಿಯಾ ಬಂದರೆ ಅವನ್ನು ಹಿಂಡಿ ಕುಡಿಯಲು ಹೋಗಬೇಡಿ. ಆ ಚೀನಾ ಗಿಡದ ಟೀಯನ್ನೂ ಮಲೇರಿಯಾಕ್ಕೆ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಲೋಟದಲ್ಲಿ ಎಷ್ಟು ಅಂಶ ಇಳಿದಿದೆ ಅಂತ ಗೊತ್ತಾಗುವುದಿಲ್ಲ. ಕಡಿಮೆ ಬಿದ್ದರೆ ರೋಗದ ಕ್ರಿಮಿ ಸಾಯುವುದಿಲ್ಲ, ಮದ್ದನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ.

ಪ್ರಮಾಣದ ವಿಷಯಕ್ಕೆ ಬಂದರೆ ವಿದರಿಂಗ್ ಎಂಬ ಇಂಗ್ಲಿಷ್ ಡಾಕ್ಟರನನ್ನು ಬಿಡುವ ಹಾಗಿಲ್ಲ. 1775ರಲ್ಲಿ ಅವನ ಹತ್ತಿರ ಒಂದು ಮನೆಮದ್ದಿನ ವಿಷಯ ಬಂತು. ಶ್ರಾಪ್‌ಶೈರ್ ಎಂಬ ಕಡೆ ಒಬ್ಬ ಮುದುಕಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳಂತೆ. ಮೈಯೆಲ್ಲ ನೀರು ತುಂಬಿ ಊದಿಕೊಂಡವರಿಗೆ, ಡಾಕ್ಟರುಗಳು ಕೈಬಿಟ್ಟವರಿಗೂ, ಅವಳು ವಾಸಿ ಮಾಡುತ್ತಿದ್ದಳು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು. ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಎಂಬ ಒಂದೇ ಗಿಡ ಅಂತ ವಿದರಿಂಗ್‌ಗೆ ಗೊತ್ತಾಯಿತು. ಆಮೇಲೆ ಹತ್ತು ವರ್ಷ ಅವನು ಮಾಡಿದ್ದು ಏನು ಗೊತ್ತಾ? ಎಷ್ಟು ಕೊಡಬೇಕು ಅನ್ನುವುದನ್ನು ಕಂಡುಹಿಡಿದದ್ದು. ಎಲೆಯನ್ನು ಹೂ ಬಿಡುವ ಹೊತ್ತಿಗೆ ಕೀಳಬೇಕು, ಒಣಗಿಸಿ ಪುಡಿ ಮಾಡಬೇಕು, ವಾಂತಿಯ ಸೂಚನೆ ಬಂದರೆ, ನಾಡಿ ನಿಧಾನವಾದರೆ ನಿಲ್ಲಿಸಬೇಕು. 1785ರಲ್ಲಿ ಪುಸ್ತಕ ಮಾಡಿದ. ಸರಿಹೋಗದ ರೋಗಿಗಳ ವಿಷಯವನ್ನೂ ಮುಚ್ಚಿಡದೆ ಬರೆದ. ಈ ಜಾತಿಯ ಗಿಡದಿಂದಲೇ ಬಂದದ್ದು ಡಿಗಾಕ್ಸಿನ್. ಹೃದಯದ ತೊಂದರೆಗೆ ಇಂದಿಗೂ ಕೊಡುತ್ತಾರೆ. ಮದ್ದಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅದರಲ್ಲಿ ಅಂತರ ಬಹಳ ಕಡಿಮೆ. ನಮ್ಮ ಅಂಗಳದ ಹಳದಿ ಕಣಗಿಲೆ ಬೀಜದಲ್ಲೂ ಇದೇ ಗುಂಪಿನ ವಿಷ ಇದೆ, ಮಕ್ಕಳಿರುವ ಮನೆಯವರು ಜೋಪಾನ.

ಆ ಮುದುಕಿಯ ಗುಟ್ಟಿನ ಮಾತು ಬಂತಲ್ಲ, ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮ ನಾಟಿ ವೈದ್ಯರೂ 'ಹೇಳಿದರೆ ಮದ್ದಿನ ಗುಣ ಹೋಗುತ್ತದೆ' ಅನ್ನುತ್ತಾರೆ. ಜನ ಇದನ್ನು ಸ್ವಾರ್ಥ ಅಂತಾರೆ. ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಅರ್ಧಂಬರ್ಧ ಕೇಳಿಸಿಕೊಂಡವನು ಊರವರಿಗೆಲ್ಲ ಕೊಡಲು ಹೊರಟರೆ ಏನಾಗುತ್ತದೆ ಅನ್ನುವ ಭಯವೂ ಅದರಲ್ಲಿ ಇದ್ದಿರಬೇಕು. ಅವರ ಅಳತೆಗಳನ್ನು ಕೇಳಿ. ಗುಲಗಂಜಿ ತೂಕ, ಅಡಿಕೆ ಗಾತ್ರ, ನೆಲ್ಲಿಕಾಯಿ ಗಾತ್ರ, ಮೂರು ಬೆರಳಿಗೆ ಸಿಕ್ಕುವಷ್ಟು. ಒಬ್ಬ ವೈದ್ಯರು ಬೇರು ಅರೆಯುವುದನ್ನು ನಾನು ಕೂತು ನೋಡಿದ್ದೇನೆ. ಸಾಣೆಕಲ್ಲಿನ ಮೇಲೆ ಹಾಲು ಹಾಕಿಕೊಂಡು ಇಷ್ಟು ಸುತ್ತು ಅಂತ ಎಣಿಸಿ ತೇಯುತ್ತಿದ್ದರು. ದೊಡ್ಡವರಿಗೆ ಇಷ್ಟು, ಮಗುವಿಗೆ ಅದರಲ್ಲಿ ಅರ್ಧ. ಮಧ್ಯೆ ಯಾರೋ ಮಾತಾಡಿಸಿದರು. ಎಣಿಕೆ ತಪ್ಪಿತು ಅಂತ ತೇದದ್ದನ್ನು ಚೆಲ್ಲಿ ಮೊದಲಿಂದ ಶುರು ಮಾಡಿದರು. ಯೂಟ್ಯೂಬ್ ವಿಡಿಯೋದಲ್ಲಿ ಈ ಬೇರಿನ ಹೆಸರು ಸಿಗುತ್ತದೆ. ಆ ಚೆಲ್ಲಿದ್ದು ಸಿಗುವುದಿಲ್ಲ.

ಗುಟ್ಟು ಮಾಡದೆ ಎಲ್ಲರೂ ಬೆಳೆಸುವ ಗಿಡವೂ ಇವೆ. ದೊಡ್ಡಪತ್ರೆ ನೋಡಿ. ಮಕ್ಕಳ ಕೆಮ್ಮಿಗೆ ಎಲೆ ಬಾಡಿಸಿ ರಸ ಹಿಂಡಿ ಜೇನು ಸೇರಿಸಿ ಕೊಡುತ್ತೇವೆ, ಉಳಿದರೆ ತಂಬುಳಿ. ವಿಯೆಟ್ನಾಂನ ತಾಯಂದಿರು ಇದೇ ಎಲೆಯನ್ನು ಕಲ್ಲುಸಕ್ಕರೆ ಜೊತೆ ಹಬೆಯಲ್ಲಿ ಬೇಯಿಸಿ ಮಕ್ಕಳ ಕೆಮ್ಮಿಗೇ ಕೊಡುತ್ತಾರೆ. ಒಂದೆಲಗದ ಕಥೆ ಬೇರೆ. ನಮಗೆ ಅದು ನೆನಪಿನ ಶಕ್ತಿಗೆ. ಮಡಗಾಸ್ಕರಿನಲ್ಲಿ ಗಾಯಕ್ಕೆ. ಅಲ್ಲಿನ ಬಳಕೆಯಿಂದ ಫ್ರೆಂಚರು ಗಾಯಕ್ಕೆ ಹಚ್ಚುವ ಮುಲಾಮು ಮಾಡಿದರು. ಶ್ರೀಲಂಕಾದಲ್ಲಿ ಬೆಳಿಗ್ಗೆ ಗಂಜಿಗೆ ಹಾಕುತ್ತಾರೆ. ಇಂಥ ಸೊಪ್ಪಿನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇಲ್ಲ. ಊಟದ ಎಲೆಗೆ ಬರುವಂಥದ್ದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಾಲಿಗೆ ಅರಿಶಿನದ ಜೊತೆ ಕಾಳುಮೆಣಸನ್ನೂ ಹಾಕುತ್ತಾರಲ್ಲ, ಅದಕ್ಕೂ ಆಧಾರ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದರು. ಮೆಣಸಿನ ಪೈಪರಿನ್ ಜೊತೆಗಿದ್ದರೆ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಜಾಸ್ತಿ. ಆದರೆ ಅದೇ ಮೆಣಸು ನೀವು ನುಂಗುವ ಬೇರೆ ಕೆಲವು ಮಾತ್ರೆಗಳ ಅಂಶವನ್ನೂ ಹಾಗೇ ಏರಿಸಬಹುದು. ಸಾರಿಗೆ ಹಾಕುವ ಮೆಣಸಿನ ಮಾತಲ್ಲ ಇದು, ಡಬ್ಬಿಯಲ್ಲಿ ಬರುವ ಕ್ಯಾಪ್ಸೂಲಿನ ಮಾತು.

ನಿತ್ಯಪುಷ್ಪ ಗೊತ್ತಲ್ಲ? ಕಾಶಿ ಕಣಗಿಲೆ ಅಂತಲೂ ಅನ್ನುತ್ತಾರೆ. ಯಾವ ಮನೆಯ ಗೋಡೆ ಸಂದಿಯಲ್ಲಾದರೂ ಹುಟ್ಟುತ್ತದೆ. ಮೂಲ ಮಡಗಾಸ್ಕರ್. ಜಮೈಕಾದಲ್ಲಿ ಜನ ಇದರ ಎಲೆಯ ಟೀಯನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾಗೆ ಒಂದು ಲಕೋಟೆಯಲ್ಲಿ ಈ ಎಲೆಗಳು ಬಂದವು. ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಇಲಿಗಳಿಗೆ ಕುಡಿಸಿದರು. ಸಕ್ಕರೆ ಇಳಿಯಲಿಲ್ಲ. ಸತ್ವವನ್ನು ಚುಚ್ಚಿ ಕೊಟ್ಟರು. ಆಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಅಂತ ನೋಡಿದರೆ ರಕ್ತದ ಬಿಳಿ ಕಣಗಳು ಕುಸಿದಿದ್ದವು. ಬೇರೆಯವರಾಗಿದ್ದರೆ ಅಲ್ಲಿಗೆ ಮುಚ್ಚಿಡುತ್ತಿದ್ದರೇನೋ. ಬಿಳಿ ಕಣ ಕುಸಿಯುವುದಾದರೆ, ಬಿಳಿ ಕಣ ಅತಿಯಾಗಿ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಯಾಕಾಗಬಾರದು? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಸೇರಿ 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದರ ಹಿಂದೆಯೇ ಬಂದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸಿತು. ಕೆಲವೇ ಗ್ರಾಂ ಮದ್ದಿಗೆ ಟನ್‌ಗಟ್ಟಲೆ ಎಲೆ ಬೇಕು.

ಜಮೈಕಾದವರು ಹೇಳಿದ ಕಾಯಿಲೆ ಒಂದು, ಸಿಕ್ಕಿದ್ದು ಇನ್ನೊಂದು. ಆದರೆ ಈ ಗಿಡದಲ್ಲಿ ಏನೋ ಬಲವಾದದ್ದು ಇದೆ ಅನ್ನುವ ಸುಳಿವು ಅವರದ್ದೇ. ಇನ್ನು ಬೆಳಿಗ್ಗೆ ವಾಕಿಂಗ್ ಹೋಗುವಾಗ ಈ ಹೂ ಕಿತ್ತು ಶುಗರ್‌ಗೆ ಅಂತ ಅಗಿಯುವವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಬೇಡ. ಕ್ಯಾನ್ಸರ್ ಮದ್ದು ಬರುವ ಗಿಡ ಅದು.

ಕಾಮಾಲೆಯ ವಿಷಯ ಹೇಳದೆ ಮಲೆನಾಡಿನಲ್ಲಿ ಮದ್ದಿನ ಮಾತು ಮುಗಿಯುವುದಿಲ್ಲ. ನೆಲನೆಲ್ಲಿ ಅರೆದು ಹಾಲು ಇಲ್ಲವೇ ಮಜ್ಜಿಗೆಯಲ್ಲಿ ಕೊಡುತ್ತಾರೆ, ಪಥ್ಯ ಹೇಳುತ್ತಾರೆ, ಕೆಲವು ವಾರದಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ. ಇದರ ಹತ್ತಿರದ ಗಿಡವನ್ನು ಪೆರು, ಬ್ರೆಜಿಲ್ ಕಡೆ ಕಿಡ್ನಿ ಕಲ್ಲಿಗೆ ಕುಡಿಯುತ್ತಾರೆ. 1988ರಲ್ಲಿ ಮದ್ರಾಸಿನ ವೈದ್ಯರ ತಂಡ ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಸೋಂಕು ಬಹಳ ಜನರಲ್ಲಿ ಹೋಯಿತು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. ಬೇರೆ ಕಡೆ ಮಾಡಿ ನೋಡಿದಾಗ ಹಾಗೆ ಆಗಲಿಲ್ಲ. ಇನ್ನು ನಮ್ಮೂರಲ್ಲಿ ಕಾಣುವ ಕಾಮಾಲೆ ಬಹಳಷ್ಟು ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ ಯಾವ ಮದ್ದು ಕೊಟ್ಟವರಿಗೂ ಹೆಸರು ಬರುತ್ತದೆ. ಪಥ್ಯ, ವಿಶ್ರಾಂತಿ, ಕುಡಿತ ಬಿಡು ಅನ್ನುವ ಮಾತು, ಇವು ಖಂಡಿತ ಸಹಾಯ ಮಾಡುತ್ತವೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡೂ ಕಣ್ಣು ಹಳದಿ ಆಗುತ್ತದೆ. ಆಗ ವಾರಗಟ್ಟಲೆ ಸೊಪ್ಪು ಕುಡಿಯುತ್ತಾ ಕೂತರೆ ಸಮಯ ಹೋಗುತ್ತದೆ.

ಈಗ ನನಗೆ ಅತಿ ಹೆಚ್ಚು ತಲೆಕೆಡಿಸಿದ ಗಿಡಕ್ಕೆ ಬರುತ್ತೇನೆ. ಈಶ್ವರಿ ಬಳ್ಳಿ. ಮನೆ ಹತ್ತಿರ ಇದ್ದರೆ ಹಾವು ಬರುವುದಿಲ್ಲ ಅಂತ ಬೆಳೆಸುತ್ತಾರೆ, ಬೇರನ್ನು ಹಾವು ಕಚ್ಚಿದ್ದಕ್ಕೆ, ಹೊಟ್ಟೆ ನೋವಿಗೆ ತೇದು ಕೊಡುತ್ತಾರೆ. ಇದರ ಜಾತಿಯ ಬಳ್ಳಿಗಳನ್ನು ಹಳೇ ಗ್ರೀಕರು ಹೆರಿಗೆಗೆ ಬಳಸಿದರು, ಚೀನೀಯರು ಊತಕ್ಕೆ ಬಳಸಿದರು. ಮೂರು ದೊಡ್ಡ ಪರಂಪರೆಗಳು, ಎರಡು ಸಾವಿರ ವರ್ಷದ ಬಳಕೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಮೈ ತೂಕ ಇಳಿಸುವ ಒಂದು ಕ್ಲಿನಿಕ್‌ಗೆ ಹೋದ ಹೆಂಗಸರ ಕಿಡ್ನಿ ಒಂದೇ ಸಮ ಕೆಟ್ಟುಹೋಗತೊಡಗಿತು. ನೂರಕ್ಕೂ ಹೆಚ್ಚು ಜನ. ಅವರಿಗೆ ಕೊಟ್ಟ ಚೀನಾದ ಗಿಡಮೂಲಿಕೆ ಪುಡಿಯಲ್ಲಿ ಒಂದು ಬೇರಿನ ಬದಲು ಹತ್ತಿರದ ಹೆಸರಿನ ಇನ್ನೊಂದು ಬೇರು ಸೇರಿತ್ತು. ಅದು ಈಶ್ವರಿ ಜಾತಿಯದ್ದು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೊಲ್ಲುತ್ತದೆ, ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ಆಮೇಲೆ ಇನ್ನೊಂದು ಹಳೆಯ ಒಗಟೂ ಬಿಡಿಸಿತು. ಡ್ಯಾನ್ಯೂಬ್ ನದಿಯ ಉಪನದಿಗಳ ದಡದ ಹಳ್ಳಿಗಳಲ್ಲಿ ರೈತರಿಗೆ ಬರುತ್ತಿದ್ದ ಕಿಡ್ನಿ ಕಾಯಿಲೆಗೂ ಇದೇ ಕಾರಣ. ಗೋಧಿ ಹೊಲದಲ್ಲಿ ಈ ಕಳೆ ಬೆಳೆದು, ಬೀಜ ಗೋಧಿಯ ಜೊತೆ ಹಿಟ್ಟಾಗಿ ರೊಟ್ಟಿಗೆ ಸೇರುತ್ತಿತ್ತು.

ಯೋಚನೆ ಮಾಡಿ. ಎರಡು ಸಾವಿರ ವರ್ಷ ಬಳಸಿದವರಿಗೆ ಇದು ಯಾಕೆ ಗೊತ್ತಾಗಲಿಲ್ಲ? ಅವರೇನು ದಡ್ಡರಲ್ಲ. ಕುಡಿದ ಸಂಜೆಯೇ ವಾಂತಿಯಾದರೆ, ಮಾರನೆ ದಿನ ಮೈ ತುರಿಸಿದರೆ ಅವರು ಹಿಡಿದೇ ಹಿಡಿಯುತ್ತಿದ್ದರು, ಹಿಡಿದೂ ಇದ್ದಾರೆ. ಕಾಸರಕವನ್ನು, ಭಲ್ಲಾತಕವನ್ನು ಶುದ್ಧಿ ಮಾಡದೆ ಮುಟ್ಟಬಾರದು ಅಂತ ಹೇಳಿದವರೂ ಅವರೇ. ಆದರೆ ಇವತ್ತು ಕುಡಿದ ಬೇರು ಹತ್ತು ವರ್ಷದ ಮೇಲೆ ಕಿಡ್ನಿ ಕೆಡಿಸಿದರೆ ಎರಡನ್ನೂ ಗಂಟು ಹಾಕುವುದು ಯಾರಿಂದ ಆಗುತ್ತದೆ? ಅದಕ್ಕೆ ಲೆಕ್ಕ ಬರೆದಿಡುವ ಆಸ್ಪತ್ರೆ ಬೇಕು, ನೂರಾರು ಜನರನ್ನು ವರ್ಷಗಟ್ಟಲೆ ನೋಡಬೇಕು. ಪರಂಪರೆಯ ಕಣ್ಣು ಹತ್ತಿರದ್ದನ್ನು ಬಹಳ ಚೆನ್ನಾಗಿ ನೋಡುತ್ತದೆ. ದೂರದ್ದು ಕಾಣುವುದಿಲ್ಲ. ಹಾಗಾಗಿ 'ನಮ್ಮಜ್ಜನ ಕಾಲದಿಂದ ಬಳಸುತ್ತಿದ್ದೇವೆ, ಏನೂ ಆಗಿಲ್ಲ' ಅನ್ನುವ ಮಾತು ಅಪ್ಪಟ ನಿಜ ಇರಬಹುದು, ಆದರೂ ಸಾಲದು.

ಬಳ್ಳಿಯನ್ನು ಕಿತ್ತು ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದ ಚಿಟ್ಟೆ, ಆ ಹಳದಿ-ಕಪ್ಪಿನ ದೊಡ್ಡ ಬರ್ಡ್‌ವಿಂಗ್, ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆಯೇ. ಹುಳು ಆ ವಿಷವನ್ನು ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಹಕ್ಕಿ ಅದರ ತಂಟೆಗೆ ಬರುವುದಿಲ್ಲ. ಚಿಟ್ಟೆಗೆ ಬಿಡಿ, ನೀವು ಕುಡಿಯಬೇಡಿ. ಹಾವು ಕಚ್ಚಿದರಂತೂ ಬೇರು ಹುಡುಕುತ್ತಾ ನಿಲ್ಲಬೇಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹಿರಿಯರು ಕೇಳಿದರು, ಕೊರೊನಾ ಕಾಲದಿಂದ ಅಮೃತಬಳ್ಳಿ ಕಷಾಯ ದಿನಾ ಕುಡಿಯುತ್ತಿದ್ದೇನೆ, ಬಿಡಬೇಕಾ? ನಾನು ಹೇಳಿದ್ದು ಇಷ್ಟು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ತೊಂದರೆ ಕಂಡಿದೆ ಅಂತ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಆ ಇನ್ನೊಂದು ಬಳ್ಳಿಯ ಕಾಂಡದ ತುಂಬ ಗಂಟುಗಂಟು. ಯಾರ ವಾದ ಸರಿ ಅಂತ ನೀವು ತೀರ್ಮಾನ ಮಾಡಬೇಕಾಗಿಲ್ಲ. ಹಳೆಯ ಕ್ರಮದಲ್ಲಿ ಕಷಾಯ ಕಾಯಿಲೆ ಇದ್ದಾಗ ಇಷ್ಟು ದಿನ ಅಂತ ಇತ್ತು. ವರ್ಷಗಟ್ಟಲೆ ದಿನಾ ಕುಡಿಯುವುದು ಹೊಸ ಪದ್ಧತಿ, ಅದನ್ನು ಯಾವ ಅಜ್ಜನೂ ಪರೀಕ್ಷೆ ಮಾಡಿ ನೋಡಿಲ್ಲ. ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿ, ಕಷಾಯ ಕುಡಿಯುವ ವಿಷಯವನ್ನು ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ, ಅವರು ಬೈದರೂ ಪರವಾಗಿಲ್ಲ.

ಒಬ್ಬ ವಿದ್ಯಾರ್ಥಿನಿ, ತನ್ನ ಅಜ್ಜಿಗೆ ಬಹಳ ಮದ್ದು ಗೊತ್ತು, ಬರೆದಿಡಬೇಕು, ಹೇಗೆ ಬರೆಯಲಿ ಅಂತ ಕೇಳಿದಳು. ಬರೀ 'ಕೆಮ್ಮಿಗೆ ಆಡುಸೋಗೆ' ಅಂತ ಬರೆಯಬೇಡ ಅಂದೆ. ಎಳೆ ಎಲೆಯಾ, ಬಲಿತದ್ದಾ. ಹಸಿಯಾ, ಒಣಗಿದ್ದಾ. ಎಷ್ಟು ನೀರು, ಎಷ್ಟಕ್ಕೆ ಇಳಿಸಬೇಕು. ಬಸುರಿಗೆ ಕೊಡುತ್ತಾರಾ? ಆಡುಸೋಗೆಯನ್ನು ಕೊಡುವುದಿಲ್ಲ. ಅದು ಗರ್ಭಕೋಶವನ್ನು ಹಿಂಡುತ್ತದೆ, ಅಜ್ಜಿಗೆ ಅದು ಗೊತ್ತಿರುತ್ತದೆ, ಆದರೆ ನೀನು ಕೇಳದಿದ್ದರೆ ಹೇಳುವುದಿಲ್ಲ. ಎಷ್ಟು ದಿನಕ್ಕೆ ನಿಲ್ಲಿಸುತ್ತಾರೆ, ಯಾವಾಗ 'ಇದು ನನ್ನ ಕೈಲಿ ಆಗಲ್ಲ' ಅಂತ ವಾಪಸ್ ಕಳಿಸುತ್ತಾರೆ ಅನ್ನುವುದನ್ನೂ ಕೇಳು. ಅಜ್ಜಿ ಮದ್ದು ಮಾಡುವಾಗ ಪಕ್ಕದಲ್ಲಿ ಕೂತು ಬರಿ, ಬಾಯಲ್ಲಿ ಹೇಳಿಸಿ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಗಿಡ ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಹೂವೋ ಕಾಯಿಯೋ ಇರುವ ಒಂದು ರೆಂಬೆಯನ್ನು ನ್ಯೂಸ್‌ಪೇಪರ್ ನಡುವೆ ಒತ್ತಿ ಒಣಗಿಸು, ಎಲ್ಲಿ ಸಿಕ್ಕಿತು ಅಂತ ಚೀಟಿ ಹಚ್ಚು, ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತಂದು ತೋರಿಸು. ಬರೀ ಎಲೆಯ ಫೋಟೊ ಕಳಿಸಿದರೆ ಯಾರಿಗೂ ಹೇಳಲು ಆಗುವುದಿಲ್ಲ.